ಕೋಚ್ ಫೇಲಾದ ಪರೀಕ್ಷೆ

ನಾನು ಹುಟ್ಟಾ ಪುಕ್ಕಲಿ. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಸಿಟಿ ಬಸ್ಸು ತಿರುವಿನಲ್ಲಿ ಸ್ವಲ್ಪ ವಾಲಿದರೂ ಕಂಬಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದವಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಹದಿನಾರನೇ ವಯಸ್ಸಿನಲ್ಲಿ ಒಂದು ದಿನ ಶಾಲೆಯಿಂದ ಬಂದು, ತಾನು ರಗ್ಬಿ ಲೀಗ್ ಆಡುತ್ತೇನೆ ಅಂದಳು. ಅದೇನು ಅಂತ ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಹದಿಮೂರು ಜನ ಈ ಕಡೆ, ಹದಿಮೂರು ಜನ ಆ ಕಡೆ. ಕೋಳಿಮೊಟ್ಟೆಯ ಆಕಾರದ ಚೆಂಡು ಹಿಡಿದವಳು ನೇರ ಎದುರಾಳಿಗಳ ಮೇಲೇ ಓಡುತ್ತಾಳೆ, ಅವರು ಅವಳನ್ನು ಅಪ್ಪಿ ನೆಲಕ್ಕೆ ಕೆಡವುತ್ತಾರೆ. ಅವಳು ಎದ್ದು ಮತ್ತೆ ಓಡುತ್ತಾಳೆ. ಹೀಗೆ ಆರು ಸಲ ಬಿದ್ದ ಮೇಲೆ ಚೆಂಡು ಆ ಕಡೆಯವರ ಪಾಲು. ಕಬಡ್ಡಿಗೆ ಹುಚ್ಚು ಹಿಡಿದರೆ ಹೀಗಿರುತ್ತದೆ ಅಂದುಕೊಂಡೆ. ಆ ವಾರವೆಲ್ಲ ಸರಿಯಾಗಿ ಊಟ ಸೇರಲಿಲ್ಲ.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ, ಯಾಕೆಂದರೆ ಮಗಳು ತಾನಾಗಿ ಏನನ್ನಾದರೂ ಬೇಕು ಅಂತ ಕೇಳಿದ್ದು ಅದೇ ಮೊದಲು. ದೇಶ ಬಿಟ್ಟು ಬಂದು ನೆಲೆಸಿದ ರೆಡ್ಮಂಡ್‌ನ ನಮ್ಮ ಮನೆಯಲ್ಲಿ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಎರಡು ವರ್ಷ ಕಳೆದಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಒಂದು ಪದ ಉತ್ತರ ಕೊಡುತ್ತಿದ್ದಳು, ಎರಡನೆಯ ಪದಕ್ಕೆ ನಾವು ಕಾಯಬೇಕಿತ್ತು. ಬಾಗಿಲು ತೆರೆದು ಹೊರಗೆ ಬಂದವಳನ್ನು ಮತ್ತೆ ಒಳಗೆ ಕಳಿಸುವ ಧೈರ್ಯವೂ ನನಗಿರಲಿಲ್ಲ. ಕಣ್ಣೆದುರಾದರೂ ಇರಲಿ ಅಂತ ನಾನೂ ತಂಡಕ್ಕೆ ಸ್ವಯಂಸೇವಕಿಯಾಗಿ ಸೇರಿಕೊಂಡೆ.

ಅಭ್ಯಾಸ ನಡೆಯುತ್ತಿದ್ದದ್ದು ರೆಂಟನ್‌ನಲ್ಲಿ, ವಾರಕ್ಕೆರಡು ಸಂಜೆ. ಕೋಚ್ ಇಂಗ್ಲೆಂಡಿನವರು. ಐವತ್ತರ ಆಸುಪಾಸು, ಕುತ್ತಿಗೆಯೇ ಇಲ್ಲವೇನೋ ಅನ್ನುವ ಹಾಗೆ ಭುಜ, ಮೂರು ಕಡೆ ಮುರಿದು ಕೂಡಿಕೊಂಡ ಮೂಗು. ಮೊದಲ ದಿನವೇ ನನ್ನನ್ನು ‘ಲವ್’ ಅಂತ ಕರೆದರು. ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಅವರ ಕಡೆ ಬಸ್ ಕಂಡಕ್ಟರಿಂದ ಹಿಡಿದು ಎಲ್ಲರೂ ಎಲ್ಲರನ್ನೂ ಹಾಗೇ ಕರೆಯುತ್ತಾರಂತೆ, ನಮ್ಮ ಕಡೆ ಗುರುತಿಲ್ಲದವರನ್ನೂ ಅಕ್ಕ ಅನ್ನುವ ಹಾಗೆ. ಅವರು ಮಾತಾಡುತ್ತಿದ್ದದ್ದೆಲ್ಲ ಉತ್ತರ ಇಂಗ್ಲೆಂಡಿನ ಗಂಟಲ ಇಂಗ್ಲಿಷ್. ನನ್ನ ತಲೆಯಲ್ಲಿ ಅದು ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

ಅವರ ಹೆಂಡತಿ ರೆಂಟನ್‌ನ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಆಕೆಯ ಕೆಲಸಕ್ಕಾಗಿಯೇ ಇವರು ಇಲ್ಲಿಗೆ ಬಂದದ್ದು. ಮನೆಯ ಕಾರು ಆಕೆಯ ಹತ್ತಿರ ಇರುತ್ತಿದ್ದರಿಂದ ಅಭ್ಯಾಸ ಮುಗಿದ ಮೇಲೆ ಕೋಚನ್ನು ನಾನೇ ಮನೆಗೆ ಬಿಡುತ್ತಿದ್ದೆ. ರಸ್ತೆಯ ಬಲಗಡೆ ಓಡಿಸುವುದು ತನಗೆ ಒಗ್ಗುವುದಿಲ್ಲ ಅಂತಲೂ ಹೇಳುತ್ತಿದ್ದರು. ಹಿಂದಿನ ಸೀಟಿನಲ್ಲಿ ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿರುತ್ತಿದ್ದಳು, ಮುಂದಿನ ಸೀಟಿನಲ್ಲಿ ಅವರು ತಮ್ಮ ಕಥೆ ಹೇಳುತ್ತಿದ್ದರು. ಇಂಗ್ಲೆಂಡಿನ ಒಬ್ಬ ಆಟಗಾರನ ಇಡೀ ಬದುಕನ್ನು ನಾನು ಕೇಳಿದ್ದು ಹೀಗೆ, ಹತ್ತು ಹತ್ತು ನಿಮಿಷದ ತುಂಡುಗಳಲ್ಲಿ.

ಅವರಪ್ಪ ಬ್ರೆಡ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. ಊರಿಗೆ ಊರೇ ಶನಿವಾರ ಮಧ್ಯಾಹ್ನ ಮೈದಾನದಲ್ಲಿ ಇರುತ್ತಿತ್ತಂತೆ. ಹದಿನೇಳಕ್ಕೆ ಕ್ಲಬ್ಬಿನವರು ಮನೆಗೇ ಬಂದು, ಅಡುಗೆಮನೆಯ ಮೇಜಿನ ಮೇಲೆ ಕಾಗದ ಇಟ್ಟು ಸಹಿ ಹಾಕಿಸಿಕೊಂಡರು. ಅಲ್ಲಿಂದ ಹದಿನೈದು ವರ್ಷ ಅವರು ಆಡಿದ್ದು ಮುಂದಿನ ಸಾಲಿನಲ್ಲಿ. ಮುಂದಿನ ಸಾಲಿನವರ ಕೆಲಸ ಚೆಂಡು ಹಿಡಿದು ದಾರಿ ಹುಡುಕುವುದಲ್ಲ, ದಾರಿಯೇ ಇಲ್ಲದ ಕಡೆ ಹೋಗಿ ಗುದ್ದುವುದು. ಆಮೇಲೆ ಮೊಣಕಾಲು ಕೈಕೊಟ್ಟಿತು, ಕೋಚ್ ಆದರು. ಒಂದು ಸಣ್ಣ ಕ್ಲಬ್ಬನ್ನು ಮೇಲಿನ ದರ್ಜೆಗೆ ಏರಿಸಿದರು, ಮರುವರ್ಷ ಅದು ಕೆಳಗಿಳಿಯಿತು, ಇವರ ಕೆಲಸ ಹೋಯಿತು. ಇನ್ನೊಂದು ಕ್ಲಬ್ಬು, ಇನ್ನೊಂದು ಊರು.

ಒಂದು ಕಥೆಯನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಒಂದು ಪಂದ್ಯದ ಎರಡನೆಯ ಅರ್ಧ ಅವರಿಗೆ ನೆನಪೇ ಇಲ್ಲ. ಮೊದಲ ಅರ್ಧದಲ್ಲಿ ಯಾರದೋ ಮೊಣಕೈ ಬಡಿದಿತ್ತು. ಅವತ್ತಿನ ಉತ್ತಮ ಆಟಗಾರ ಬಹುಮಾನ ಇವರಿಗೇ ಬಂತು. ಯಾವುದಕ್ಕೆ ಕೊಟ್ಟರು ಅನ್ನುವುದನ್ನು ವಿಡಿಯೊ ನೋಡಿ ತಿಳಿದುಕೊಂಡರು. ಇನ್ನೊಂದು ಕಥೆ ಹೇಳುವಾಗ ನಗುತ್ತಿರಲಿಲ್ಲ. ಅವರು ಕೋಚ್ ಆದ ಮೊದಲ ವರ್ಷ, ಒಬ್ಬ ಹುಡುಗ ತೂರಾಡುತ್ತ ಗೆರೆಯ ಹೊರಗೆ ಬಂದ. ಇದು ಯಾವ ಮೈದಾನ ಅಂತ ಕೇಳಿದರು. ಹುಡುಗ ಬೇರೆ ಯಾವುದೋ ಊರಿನ ಹೆಸರು ಹೇಳಿದ. ಆದರೂ ಒಳಗೆ ಕಳಿಸಿದರು. ಪಂದ್ಯ ಗೆದ್ದರು.

“ಆ ಹುಡುಗ ಈಗೇನ್ ಮಾಡ್ತಿದ್ದಾನೆ?” ಅಂತ ಕೇಳಿದೆ.

“ಅವನ ಹೆಂಡ್ತಿ ನನ್ ಜೊತೆ ಮಾತಾಡಲ್ಲ,” ಅಂದರು. ಅಷ್ಟೇ.

ಹಾಗಾಗಿ ನಮ್ಮ ಹುಡುಗಿಯರಿಗೆ ಅವರು ಹಾಕಿಕೊಟ್ಟ ಮೊದಲ ನಿಯಮವೇ ತಲೆಯದು. ತಲೆಗೆ ಪೆಟ್ಟು ಬಿದ್ದಿರಬಹುದು ಅಂತ ಅನುಮಾನ ಬಂದರೆ ಹೊರಗೆ; ಹೊರಗೆ ಬಂದವಳು ಅವತ್ತು ಮತ್ತೆ ಒಳಗಿಲ್ಲ. ಈ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮನೆಗೆ ಬಂದು ಗಂಡನಿಗೆ ಎರಡು ಸಲ ಹೇಳಿದೆ. ಯಾರ್‍ಯಾರು ಹೊರಗೆ ಬಂದರು ಅನ್ನುವುದನ್ನು ಮಾತ್ರ ಕೋಚ್ ಬರೆದಿಡುತ್ತಿರಲಿಲ್ಲ, ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಹಳೇ ಕಾಲದ ಕೋಚುಗಳೆಲ್ಲ ಹಾಗೇ ಅಂತೆ. ಅದರಲ್ಲಿ ತಪ್ಪೇನಾದರೂ ಇದೆ ಅಂತ ನಮಗ್ಯಾರಿಗೂ ಅನ್ನಿಸಲಿಲ್ಲ.

ಪಂದ್ಯಗಳು ಶುರುವಾಗುವ ಮುಂಚೆ ಪ್ರತಿ ಹುಡುಗಿಗೂ ಒಂದು ತಲೆ ಪರೀಕ್ಷೆ ಇರುತ್ತದೆ. ಐದು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಬೇಕು. ತಿಂಗಳುಗಳನ್ನು ಹಿಂದಿನಿಂದ ಹೇಳಿಸಬೇಕು. ಒಂಟಿ ಕಾಲಿನ ಮೇಲೆ ನಿಲ್ಲಿಸಬೇಕು. ಚೆನ್ನಾಗಿರುವಾಗ ಎಷ್ಟು ಅಂಕ ಬರುತ್ತದೆ ಅನ್ನುವುದು ಗೊತ್ತಿದ್ದರೆ, ಪೆಟ್ಟು ಬಿದ್ದ ಮೇಲೆ ಮತ್ತೆ ಪರೀಕ್ಷೆ ಮಾಡಿ ಹೋಲಿಸಬಹುದು. ಆಫೀಸಿನಲ್ಲಿ ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್ ಆದ್ದರಿಂದ ಈ ಕೆಲಸ ನನಗೆ ಬಂತು. ಶಾಲೆಯ ಒಂದು ಕೋಣೆಯಲ್ಲಿ ಮೇಜು ಹಾಕಿಕೊಂಡು, ಒಬ್ಬೊಬ್ಬಳನ್ನೇ ಕೂರಿಸಿ, ಇಪ್ಪತ್ತು ಹಾಳೆ ತುಂಬಿಸಿದೆ.

ಕೊನೆಯವಳು ಎದ್ದ ಮೇಲೆ ಹುಡುಗಿಯರು ಕೋಚನ್ನು ಹಿಡಿದುಕೊಂಡರು, ನೀವೂ ಕೂತ್ಕೊಳ್ಳಿ ಅಂತ. ಅವರು ನಗುತ್ತ ಕೂತರು. ಸೇಬು, ಕುರ್ಚಿ, ನದಿ, ಕನ್ನಡಿ, ಬೆರಳು ಅಂತ ಓದಿದೆ. ತಿಂಗಳು ಹೇಳಿಸಿದೆ, ಅಕ್ಟೋಬರಿನ ಹತ್ತಿರ ಒಮ್ಮೆ ನಿಂತು ಮುಂದೆ ಹೋದರು. ಒಂಟಿ ಕಾಲಿನಲ್ಲಿ ನಿಂತಾಗ ಮೊಣಕಾಲಿಗೆ ಬೈದುಕೊಂಡರು. ಐದು ನಿಮಿಷವಾಯಿತು. ಪದಗಳನ್ನು ಹೇಳಿ ಅಂದೆ.

“ಸೇಬು,” ಅಂದರು. ಆಮೇಲೆ ಏನೂ ಇಲ್ಲ.

ಕೋಣೆಯಲ್ಲಿ ನಗು ಎದ್ದಿತು. ಅವರು ಹುಡುಗಿಯರ ಕಡೆ ತಿರುಗಿ ಕಣ್ಣು ಹೊಡೆದರು. ತಮ್ಮ ಕಾಲದ ಒಂದು ಗುಟ್ಟು ಹೇಳಿದರು: ಈ ಪರೀಕ್ಷೆ ಬಂದ ಹೊಸತರಲ್ಲಿ ಆಟಗಾರರೆಲ್ಲ ಬೇಕೆಂದೇ ಕಡಿಮೆ ಅಂಕ ತೆಗೆಯುತ್ತಿದ್ದರಂತೆ. ಮೊದಲೇ ಕಡಿಮೆ ಇದ್ದರೆ, ಪೆಟ್ಟು ಬಿದ್ದ ಮೇಲೆ ಬರುವ ಕಡಿಮೆ ಅಂಕ ಯಾರ ಕಣ್ಣಿಗೂ ಬೀಳುವುದಿಲ್ಲ, ಮುಂದಿನ ವಾರವೂ ಆಡಬಹುದು. “ಹಳೇ ಚಾಳಿ, ಬಿಡಲ್ಲ,” ಅಂದರು. ನೀವು ಹಾಗೆ ಮಾಡಿದರೆ ತಂಡದಿಂದ ಹೊರಗೆ ಹಾಕುತ್ತೇನೆ ಅಂತಲೂ ಸೇರಿಸಿದರು. ಹುಡುಗಿಯರು ಇನ್ನೂ ಜೋರಾಗಿ ನಕ್ಕರು.

ನಾನು ನಗಲಿಲ್ಲ. ಇಪ್ಪತ್ತು ವರ್ಷದಿಂದ ನಾನು ಸಂಬಳ ಎಣಿಸುತ್ತಿರುವುದೇ, ಯಾವುದು ನಿಜವಾಗಿ ಕೆಟ್ಟಿದೆ, ಯಾವುದು ಕೆಟ್ಟ ಹಾಗೆ ಕಾಣುತ್ತಿದೆ ಅಂತ ಹೇಳುವುದಕ್ಕೆ. ಬೇಕೆಂದೇ ಮರೆತವರು ಬೇಗ ಕೈಚೆಲ್ಲುತ್ತಾರೆ. ಇವರು ಹುಡುಕಿದ್ದರು. ಹುಡುಗಿಯರಿಗೆ ಕಾಣದ ಹಾಗೆ ಮೇಜಿನ ಕೆಳಗೆ ಬೆರಳು ಮಡಿಸಿ ಎಣಿಸಿದ್ದರು. ತುಟಿ ಅಲುಗುತ್ತಿತ್ತು, ಹಣೆಯ ಮೇಲೆ ಬೆವರು ಬಂದಿತ್ತು. ಎಲ್ಲರೂ ಹೋದ ಮೇಲೆ ಕುರ್ಚಿ ಜೋಡಿಸುತ್ತ, ಏನೂ ಅಲ್ಲ ಅನ್ನುವ ಧಾಟಿಯಲ್ಲಿ ಕೇಳಿದರು: “ಉಳಿದದ್ದು ಏನೇನಿತ್ತು ಲವ್?” ಹೇಳಿದೆ. ಕಾರಿನಲ್ಲಿ ಮನೆಯ ತಿರುವು ಬಂದಾಗ ಮತ್ತೆ ಅದನ್ನೇ ಕೇಳಿದರು. ಮತ್ತೆ ಹೇಳಿದೆ.

ಅವತ್ತೇ ಯಾರಿಗಾದರೂ ಹೇಳಬೇಕಿತ್ತು. ಗಂಡನಿಗೆ ಹೇಳಿದೆ. “ಟೆಸ್ಟಿಂಗ್ ಟೀಮಲ್ಲಿ ಇದ್ದೂ ಇದ್ದೂ ನಿಂಗೆ ಮನುಷ್ಯರಲ್ಲೂ ಬಗ್ ಕಾಣ್ಸೋಕೆ ಶುರುವಾಗಿದೆ ಕಣೇ,” ಅಂದ. ಅವನ ಮಾತನ್ನು ನಾನು ನಂಬಲಿಲ್ಲ, ಆದರೆ ಅದು ನನಗೆ ಅನುಕೂಲವಾಗಿತ್ತು. ಊರ ಉಸಾಬರಿ ನನಗ್ಯಾಕೆ ಅಂದುಕೊಂಡೆ. ಹೇಳಿದರೆ ಕೋಚ್ ಕೈಯಲ್ಲಿ ಉಳಿದಿರುವ ಒಂದೇ ಕೆಲಸ ಹೋಗುತ್ತದೆ, ತಂಡ ಮುಚ್ಚುತ್ತದೆ, ಮಗಳು ಮತ್ತೆ ಬಾಗಿಲು ಹಾಕಿಕೊಳ್ಳುತ್ತಾಳೆ. ಅವರ ಹಾಳೆಯನ್ನು ಬೇರೆಯಾಗಿ ತೆಗೆದು ನನ್ನ ಬ್ಯಾಗಿನೊಳಗೆ ಇಟ್ಟುಕೊಂಡೆ. ಸತ್ಯ ಹೇಳಬೇಕೆಂದರೆ ಬಚ್ಚಿಟ್ಟೆ.

ಆಮೇಲಿನ ಎರಡು ತಿಂಗಳು ಮೈದಾನದಲ್ಲಿ ಮಗಳು ಬಿದ್ದಾಗಲೆಲ್ಲ ಗೆರೆಯ ತನಕ ಓಡಿಬಿಡುತ್ತಿದ್ದೆ. ಅವಳ ಬೆನ್ನಿನ ಸಂಖ್ಯೆ ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಅವಳು ಎದ್ದಳಾ, ನೆಟ್ಟಗೆ ನಿಂತಳಾ, ಸರಿಯಾದ ದಿಕ್ಕಿಗೆ ಓಡಿದಳಾ. ಅಷ್ಟು ನೋಡಿಕೊಂಡರೆ ಸಾಕು, ಕೋಚ್ ಮರೆತರೂ ನಾನಿದ್ದೇನೆ ಅಂತ ನನ್ನ ಲೆಕ್ಕ. ಮಗಳು ಮಾತ್ರ ದಿನದಿನಕ್ಕೂ ಗಟ್ಟಿಯಾದಳು. ಊಟದ ಮೇಜಿನಲ್ಲಿ ಕೋಚ್ ಹಾಗಂದರು, ಕೋಚ್ ಹೀಗಂದರು ಅಂತ ತಾನಾಗಿಯೇ ಮಾತಾಡತೊಡಗಿದಳು, ಅದೂ ಪೂರ್ತಿ ವಾಕ್ಯಗಳಲ್ಲಿ.

ಪಕ್ಕದ ಊರು ಟಕ್ವಿಲಾದಲ್ಲಿ, ಗೋದಾಮುಗಳ ಹಿಂದಿನ ಮೈದಾನದಲ್ಲಿ ಪಂದ್ಯವಿತ್ತು. ಶನಿವಾರ ಬೆಳಿಗ್ಗೆ, ಸಣ್ಣಗೆ ಜಿನುಗುತ್ತಿತ್ತು. ಅರ್ಧ ಆಟ ಮುಗಿಯುವ ಹೊತ್ತಿಗೆ ಮಗಳು ಎದುರಾಳಿಯೊಬ್ಬಳ ಕಾಲನ್ನು ತಬ್ಬಿ ಕೆಡವಿದಳು, ಆ ಹುಡುಗಿಯ ಮೊಣಕಾಲು ಇವಳ ಕಪಾಳಕ್ಕೆ ಬಡಿಯಿತು. ಸದ್ದು ನನಗೆ ಕೇಳಿಸಿತು. ಎದ್ದಳು, ಆದರೆ ಏಳುವ ಮೊದಲು ಅಂಗೈಯನ್ನು ನೆಲಕ್ಕೆ ಊರಿ ಒಂದು ಗಳಿಗೆ ಹಾಗೇ ಇದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ ಕೋಚ್ ಕೈ ಎತ್ತಿದ್ದರು.

“ಹೊರಗೆ ಬಾ. ಇವತ್ತಿಗೆ ಮುಗೀತು.”

“ಐಯಾಮ್ ಫೈನ್,” ಅಂತ ಮಗಳು ಅತ್ತಳು.

“ಗೊತ್ತು. ನಾನೂ ಹಂಗೇ ಹೇಳ್ತಿದ್ದೆ. ಕೂತ್ಕೋ.”

ಆ ಕ್ಷಣದಲ್ಲಿ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಎರಡು ತಿಂಗಳ ನನ್ನ ಹೆದರಿಕೆಯೆಲ್ಲ ಬರೀ ಭ್ರಮೆ, ಗಂಡ ಹೇಳಿದ್ದೇ ಸರಿ ಅಂದುಕೊಂಡೆ. ಮಗಳಿಗೆ ಐಸ್ ಪ್ಯಾಕ್ ಕೊಟ್ಟು, ಹೆಸರು, ತಾರೀಖು, ಮೈದಾನ ಕೇಳಿದೆ. ಎಲ್ಲವನ್ನೂ ಸರಿಯಾಗಿ, ಸಿಟ್ಟಿನಿಂದ ಹೇಳಿದಳು. ಮೊದಲ ಸಲ ಹಗುರಾಗಿ ಉಸಿರು ಬಿಟ್ಟು, ನೀರಿನ ಬಾಟಲಿಗಳನ್ನು ತುಂಬಿಸಲು ಮೈದಾನದ ಆ ತುದಿಯ ನಲ್ಲಿಗೆ ಹೋದೆ.

ವಾಪಸ್ ಬರುವಾಗ ಬೆಂಚು ಖಾಲಿಯಿತ್ತು. ಐಸ್ ಪ್ಯಾಕ್ ಹುಲ್ಲಿನ ಮೇಲೆ ಬಿದ್ದಿತ್ತು. ನಮ್ಮ ತಂಡದ ಇನ್ನೊಬ್ಬ ಹುಡುಗಿ ಪಾದ ಉಳುಕಿಸಿಕೊಂಡು ಕುಂಟುತ್ತ ಹೊರಗೆ ಬರುತ್ತಿದ್ದಳು. ಮಗಳ ಸಂಖ್ಯೆ ಮೈದಾನದ ನಡುವೆ ಓಡುತ್ತಿತ್ತು.

ಬಾಟಲಿಗಳು ಎಲ್ಲಿ ಬಿದ್ದವೋ ಗೊತ್ತಿಲ್ಲ. ಓಡಿದೆ. ನಲವತ್ತೈದರ ಹೆಂಗಸು, ಸ್ವೆಟರು, ಕುತ್ತಿಗೆಯಲ್ಲಿ ಕುಣಿಯುತ್ತಿರುವ ಮಾಂಗಲ್ಯ, ಗೆರೆ ದಾಟಿ ನೇರ ಆಟದೊಳಗೆ. ಚೆಂಡು ಮಗಳ ಕೈಯಲ್ಲಿತ್ತು, ಎದುರಿನಿಂದ ಇಬ್ಬರು ಬರುತ್ತಿದ್ದರು. ನಾನು ಅವಳ ತೋಳು ಹಿಡಿದು ಎಳೆದ ರಭಸಕ್ಕೆ ನಾವಿಬ್ಬರೂ ಕೆಸರಿನಲ್ಲಿ ಬಿದ್ದೆವು. ರೆಫರಿ ಸೀಟಿ ಊದುತ್ತಲೇ ಇದ್ದ. ಮಗಳು ನಾಚಿಕೆಯಿಂದ ಮುಖ ಮುಚ್ಚಿಕೊಂಡಳು.

ಕೋಚ್ ಕೆಂಪಗಾಗಿ ಬಂದರು. ಆಟ ನಡೆಯುವಾಗ ಒಳಗೆ ಬರಬಾರದು ಅಂತ ಗೊತ್ತಿಲ್ಲವಾ ಅಂತ ರೇಗಿದರು.

“ಇವಳು ಆಡೋ ಹಾಗಿಲ್ಲ,” ಅಂದೆ.

“ಯಾರ್ ಹೇಳಿದ್ದು?”

“ನೀವೇ. ಹತ್ತು ನಿಮಿಷದ ಹಿಂದೆ. ತಲೆಗೆ ಪೆಟ್ಟಾಗಿದೆ ಅಂತ.”

ಅವರು ಮಗಳನ್ನು ನೋಡಿದರು. ಅವಳು ಹೌದು ಅಂತ ತಲೆಯಾಡಿಸಿದಳು. ಅವರು ಕರೆದಾಗ ಖುಷಿಗೆ ಏನೂ ಹೇಳದೆ ಎದ್ದು ಹೋಗಿದ್ದಳು, ಹದಿನಾರರ ಹುಡುಗಿ. ಕೋಚ್ ಮುಖದಿಂದ ಕೆಂಪು ಇಳಿದುಹೋಯಿತು. ಬೆಂಚನ್ನು ನೋಡಿದರು, ಹುಲ್ಲಿನ ಮೇಲಿನ ಐಸ್ ಪ್ಯಾಕ್ ನೋಡಿದರು. ಆ ದೊಡ್ಡ ಮೈ ಅಷ್ಟು ಹೆದರಿದ್ದನ್ನು ನಾನು ಅವತ್ತೇ ನೋಡಿದ್ದು. ನಮಗಿಂತ ಹೆಚ್ಚು ಹೆದರಿದವರನ್ನು ಕಂಡರೆ ಧೈರ್ಯ ಬರುತ್ತದೆ ಅಂತ ಕೇಳಿದ್ದೆ, ನನಗೆ ಬರಲಿಲ್ಲ. ಮಗಳನ್ನು ಕಾರಿಗೆ ಹತ್ತಿಸಿಕೊಂಡು ಸೀದಾ ಡಾಕ್ಟರ ಹತ್ತಿರ ಹೋದೆ. ಸಣ್ಣ ಪೆಟ್ಟು, ಮೂರು ವಾರ ಆಟವಿಲ್ಲ ಅಂದರು. ಇನ್ನೊಂದು ಸಲ ಗುದ್ದಿಸಿಕೊಂಡಿದ್ದರೆ ಅಂತ ಕೇಳಿದೆ. ಡಾಕ್ಟರು ಉತ್ತರ ಕೊಡುವ ಮುಂಚೆ ಮಗಳ ಕಡೆ ಒಮ್ಮೆ ನೋಡಿ, ಆ ಮಾತು ಈಗ ಬೇಡ ಅಂದರು.

ಭಾನುವಾರ ಬೆಳಿಗ್ಗೆ ಕೋಚ್ ಫೋನ್ ಮಾಡಿ ರೆಂಟನ್‌ಗೆ ಬರಲು ಹೇಳಿದರು. ಬ್ಯಾಗಿನಲ್ಲಿದ್ದ ಹಾಳೆ ತೆಗೆದುಕೊಂಡು ಹೋದೆ. ಅವರ ಹೆಂಡತಿ ಹಾಲು ಹಾಕಿದ ಟೀ ಮಾಡಿಟ್ಟು ಪಕ್ಕದಲ್ಲಿ ಕೂತರು. ಕೋಚ್ ಆಕೆಗೆ ಹಿಂದಿನ ದಿನವೇ ಎಲ್ಲ ಹೇಳಿದ್ದರು. ಆಕೆಯ ಕಣ್ಣು ಊದಿಕೊಂಡಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟೆ. ಕೋಚ್ ಅದನ್ನು ಪರೀಕ್ಷೆಯ ಫಲಿತಾಂಶ ನೋಡುವ ಹುಡುಗನ ಹಾಗೆ ಬೆರಳಿಟ್ಟು ಓದಿದರು.

“ನಾನು ನಾಟಕ ಮಾಡ್ಲಿಲ್ಲ ಅಂತ ನಿಮಗೆ ಅವತ್ತೇ ಗೊತ್ತಾಯ್ತಾ?”

“ಗೊತ್ತಾಯ್ತು.”

“ಯಾಕ್ ಹೇಳ್ಲಿಲ್ಲ?”

“ಹೆದರಿಕೆ,” ಅಂದೆ.

“ನಂಗೂ,” ಅಂದರು. ತಮಗೆ ಮರೆವು ಶುರುವಾಗಿದೆ ಅಂತ ಒಂದು ವರ್ಷದಿಂದ ಗೊತ್ತಿತ್ತಂತೆ. ಕಾರು ಓಡಿಸುವುದನ್ನು ನಿಲ್ಲಿಸಿದ್ದು ರಸ್ತೆಯ ಬಲಗಡೆಗಾಗಿ ಅಲ್ಲ, ಒಂದು ದಿನ ಮನೆಯ ದಾರಿ ಸಿಗದೆ ಅಂಗಡಿಯೊಂದರ ಮುಂದೆ ಒಂದು ಗಂಟೆ ಕೂತಿದ್ದರು. ಡಾಕ್ಟರ ಹತ್ತಿರ ಹೋಗುತ್ತೇನೆ, ಕೋಚ್ ಕೆಲಸ ಇವತ್ತಿಗೇ ಬಿಟ್ಟೆ ಅಂದರು. ನಾನು ಇಷ್ಟಕ್ಕೆ ಮುಗಿಯಿತು ಅಂತ ಟೀ ಲೋಟ ಎತ್ತಿಕೊಂಡೆ. ಆಗ ಅವರು ಆ ಪ್ರಶ್ನೆ ಕೇಳಿದರು.

“ಇದಕ್ಕೆ ಮುಂಚೆ ಎಷ್ಟ್ ಜನಾನ ಹಿಂಗೆ ವಾಪಸ್ ಕಳ್ಸಿದೀನಿ?”

ಎರಡು ತಿಂಗಳು, ಆರು ಪಂದ್ಯ, ಇಪ್ಪತ್ತು ಹುಡುಗಿಯರು. ಅವರ ನೆನಪಿನಲ್ಲಿ ಇಲ್ಲದ್ದು ನನ್ನ ಕಣ್ಣಿನಲ್ಲಾದರೂ ಇರಬೇಕಿತ್ತು. ನಾನು ನೋಡುತ್ತಿದ್ದದ್ದು ಒಂದೇ ಸಂಖ್ಯೆಯನ್ನು. ಕಣ್ಣು ಮುಚ್ಚಿ ಹಿಂದಕ್ಕೆ ಹೋದೆ. ಎಲ್ಲೋ ಅಂಚಿನಲ್ಲಿ, ಮೂರು ವಾರದ ಹಿಂದೆ, ತಂಡದ ಎತ್ತರದ ಹುಡುಗಿ ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕೂತದ್ದು ಕಂಡಿತು. ಅದೇ ಪಂದ್ಯದ ಕೊನೆಯಲ್ಲಿ ಅವಳೇ ಚೆಂಡು ಹೊತ್ತು ಎದುರಾಳಿಗಳ ಗೆರೆ ದಾಟಿ ಅಂಕ ತಂದಿದ್ದಳು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ.

ಇಪ್ಪತ್ತು ಮನೆಗಳಿಗೂ ಫೋನ್ ಮಾಡೋಣ ಅಂದೆ. ಮೊದಲು ಆ ಎತ್ತರದ ಹುಡುಗಿಯ ತಾಯಿಗೆ ಮಾಡಿ, ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟೆ. ಆಕೆ ಗೋದಾಮಿನಲ್ಲಿ ಪಾಳಿಗೆ ಹೋಗುವ ಗಡಿಬಿಡಿಯಲ್ಲಿದ್ದರು. ಮಗಳಿಗೆ ಈಚೆಗೆ ತಲೆನೋವು ಏನಾದರೂ ಇದೆಯಾ ಅಂತ ಕೇಳಿದೆ.

“ಮೂರು ವಾರದಿಂದ ಇದೆ,” ಅಂದರು ಆಕೆ. “ಬೆಳಕು ಕಂಡ್ರೆ ಆಗಲ್ಲ ಅಂತಾಳೆ. ಶಾಲೆಯಲ್ಲಿ ಬೋರ್ಡ್ ಓದೋಕಾಗ್ತಿಲ್ಲ ಅಂದ್ಲು, ಕನ್ನಡಕ ಮಾಡ್ಸೋಕೆ ಕೊಟ್ಟಿದೀನಿ. ಯಾಕೆ ಕೇಳ್ತಿದೀರಿ?”

ಕೋಚ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ಹೇಳಿದೆ. ತಲೆಗೆ ಪೆಟ್ಟಾದದ್ದು, ಹೊರಗೆ ಕೂರಿಸಿದ್ದು, ಮರೆತು ಮತ್ತೆ ಒಳಗೆ ಕಳಿಸಿದ್ದು, ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾದದ್ದು. ಎಲ್ಲ ಆದ ಮೇಲೆ ಆಕೆ ಒಂದೇ ಒಂದು ಪ್ರಶ್ನೆ ಕೇಳಿದರು.

“ಅವ್ರಿಗೆ ಮರೆವು ಇದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ಎರಡು ತಿಂಗಳಾಯ್ತು,” ಅಂದೆ.

ಆಕೆ ಫೋನ್ ಇಡಲಿಲ್ಲ, ಬೈಯಲೂ ಇಲ್ಲ. ನಾನು ಇನ್ನೂ ಏನಾದರೂ ಹೇಳುತ್ತೇನೆ ಅಂತ ಆ ಕಡೆ ಕಾಯುತ್ತಲೇ ಇದ್ದರು.